ಒಳಲೆಗೆ ಟಿಣ್ ಅಂದ ದಿನ

ಪುಟ್ಟಿಯ ಮೊದಲ ಹಲ್ಲಿನ ಸದ್ದು ಕೇಳಿದ ಮೇಲೆಯೇ ನಾವು ಅದನ್ನು ನೋಡಿದ್ದು. ಬೆಳಗ್ಗೆ ತೆಳ್ಳಗಿನ ರಾಗಿ ಸರಿ ಕುಡಿಸುತ್ತಿದ್ದೆ, ಬೆಳ್ಳಿ ಒಳಲೆ ಕೆಳಗಿನ ವಸಡಿಗೆ ತಾಗಿ ಟಿಣ್ ಅಂತು. ಇನ್ನೊಂದು ಸಲ ತಾಗಿಸಿದೆ. ಮತ್ತೆ ಟಿಣ್. ಒಲೆ ಮುಂದೆ ಇದ್ದ ಅತ್ತೆ ಕೈ ತೊಳೆದುಕೊಂಡು ಬಂದು ಬೆರಳಿಟ್ಟು ನೋಡಿದರು. ಅಕ್ಕಿ ನುಚ್ಚಿನಷ್ಟು ಚೂಪಾಗಿ ಏನೋ ಬೆರಳಿಗೆ ಸಿಕ್ಕಿತು. ಕೆಳಗಿನ ಹಲ್ಲೇ ಮೊದಲು ಬಂತಲ್ಲ ಅಂತ ಅವರಿಗೆ ದೊಡ್ಡ ಸಮಾಧಾನ, ಯಾಕೆಂದರೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ತಕ್ಷಣ ನನ್ನ ತಮ್ಮನಿಗೆ ಫೋನ್ ಹೋಯಿತು. ನಾನು ಮಾತ್ರ ಒಳಲೆ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ಅದಕ್ಕೂ ಹಿಂದಿನ ನಾಲ್ಕು ರಾತ್ರಿ ನಾವಿಬ್ಬರೂ ಸರಿಯಾಗಿ ಮಲಗಿರಲಿಲ್ಲ.

ಆಗ ಅವಳಿಗೆ ಏಳು ತಿಂಗಳು. ಜುಲೈ ತಿಂಗಳು, ತೀರ್ಥಹಳ್ಳಿ ಹತ್ತಿರದ ಮನೆ, ಹೊರಗೆ ಬಿಡದೆ ಸುರಿಯುವ ಮಳೆ. ಹಾಲು ಕುಡಿಯಲು ಬಾಯಿ ಹಾಕುತ್ತಿದ್ದಳು, ಎರಡು ಗುಟುಕು ಎಳೆದು ಬಿಟ್ಟು ಚೀರುತ್ತಿದ್ದಳು, ಮತ್ತೆ ಬಾಯಿ ಹಾಕುತ್ತಿದ್ದಳು. ಮುಷ್ಟಿ ಪೂರ್ತಿ ಬಾಯೊಳಗೆ. ಕಿವಿ ಎಳೆದುಕೊಳ್ಳುವುದು, ಕೆನ್ನೆ ಉಜ್ಜಿಕೊಳ್ಳುವುದು. ಜೊಲ್ಲಿಗೆ ಅಂಗಿಯ ಎದೆಭಾಗ ಗಂಟೆಗೊಮ್ಮೆ ಒದ್ದೆ, ಮಳೆಗಾಲದಲ್ಲಿ ಒಣಗುವ ಬಟ್ಟೆ ಎಲ್ಲಿಂದ ತರುವುದು ಹೇಳಿ, ಒಲೆ ಮೇಲಿನ ಹಗ್ಗದ ತುಂಬಾ ಜೊಲ್ಲುಬಟ್ಟೆಗಳೇ. ಹಗಲು ಹೇಗೋ ಆಗುತ್ತಿತ್ತು. ಬೆಕ್ಕು, ಕೋಳಿ, ಅಂಗಳದ ನೀರು, ಯಾರದ್ದೋ ಬೈಕಿನ ಸದ್ದು, ಒಂದಲ್ಲ ಒಂದು ನೋಡುತ್ತಾ ನೋವು ಮರೆಯುತ್ತಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ ಮಗುವಿಗೆ ನೋವೊಂದೇ ಉಳಿಯುತ್ತದೆ. ಹಗಲೆಲ್ಲಾ ಚೆನ್ನಾಗಿದ್ದ ಮಗು ಮಲಗಿಸಿದ ತಕ್ಷಣ ಯಾಕೆ ಅಳುತ್ತದೆ ಅಂತ ತಲೆಕೆಡಿಸಿಕೊಳ್ಳುವವರಿಗೆ ಇದನ್ನು ಮೊದಲು ಹೇಳಬೇಕು ಅನ್ನಿಸಿತು. ಮಗು ಹಟ ಮಾಡುತ್ತಿಲ್ಲ, ಅದಕ್ಕೆ ಮನಸ್ಸು ಬೇರೆ ಕಡೆ ಹರಿಸಲು ಏನೂ ಸಿಗುತ್ತಿಲ್ಲ, ಅಷ್ಟೇ.

ಎರಡನೇ ದಿನ ನನ್ನ ಗಂಡ ಪೇಟೆಗೆ ಹೋದವರು ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಜೆಲ್ ತಂದರು. ಬಾಯಿಹುಣ್ಣಿಗೆ ಹಚ್ಚುವಂಥದ್ದು, ಮಕ್ಕಳ ವಸಡಿಗೂ ಹಚ್ಚಬಹುದು ಅಂತ ಅಂಗಡಿಯಲ್ಲಿ ಹೇಳಿದ್ದರಂತೆ. ಎರಡು ಸಲ ಹಚ್ಚಿದೆ. ಮಾರನೇ ದಿನ ಮಕ್ಕಳ ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಹೇಳಿದ ಮಾತು "ಅದನ್ನ ಎತ್ತಿಡಿ". ಆಮೇಲೆ ನಾನೂ ಕೂತು ಓದಿದೆ. ವಸಡು ಮರಗಟ್ಟಿಸುವ ಬೆಂಜೊಕೇನ್ ಇರುವ ಜೆಲ್‌ಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಅಪರೂಪಕ್ಕೆ ಆದರೂ ಅದು ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸಿಬಿಡಬಹುದು. ಲಿಡೋಕೇನ್ ಬಗ್ಗೆಯೂ 2014ರಲ್ಲಿ ಅಂಥದ್ದೇ ಎಚ್ಚರಿಕೆ ಬಂದಿದೆ, ನಮ್ಮ ಕಡೆ ಟ್ಯೂಬಿನ ಮೇಲೆ ಲಿಗ್ನೊಕೇನ್ ಅಂತ ಬರೆದಿರುವುದು ಅದೇ ಔಷಧಿ. ಕೋಲೀನ್ ಸ್ಯಾಲಿಸಿಲೇಟ್ ಅನ್ನುವ ನೋವಿನ ಔಷಧಿ ಇರುವ ಬಾಯಿಯ ಜೆಲ್‌ಗಳನ್ನು ಬ್ರಿಟನ್ನಿನಲ್ಲಿ 2009ರಿಂದ 16 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಇಷ್ಟೆಲ್ಲಾ ಅಪಾಯ ಹೊತ್ತುಕೊಂಡು ಹಚ್ಚಿದರೂ ಜೆಲ್ ವಸಡಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ? ಅಷ್ಟು ಜೊಲ್ಲಿನಲ್ಲಿ ಐದು ನಿಮಿಷಕ್ಕೆ ತೊಳೆದು ಹೊಟ್ಟೆಗೆ ಹೋಗಿರುತ್ತದೆ. ದಯವಿಟ್ಟು ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದದೆ ಮಗುವಿನ ಬಾಯಿಗೆ ಏನನ್ನೂ ಹಚ್ಚಬೇಡಿ.

ಹಾಗಾದರೆ ಏನು ಮಾಡುವುದು ಅಂತ ಕೇಳಿದ್ದಕ್ಕೆ ಡಾಕ್ಟರು ಎರಡೇ ಹೇಳಿದರು, ತಣ್ಣಗಿರುವುದು ಮತ್ತು ಒತ್ತುವುದು.

ತಣ್ಣಗಿರುವುದು ಅಂದಕೂಡಲೇ ನಮ್ಮ ಮನೆಯಲ್ಲಿ ಗಲಾಟೆ. "ಈ ಮಳೆಯಲ್ಲಿ ಮಗುಗೆ ಥಂಡಿ ಕೊಡ್ತೀಯಾ, ಶೀತ ಎದೆಗೆ ಇಳಿಯಲ್ವಾ?" ಅಂತ ಅತ್ತೆ. ಅವರ ಹೆದರಿಕೆ ನನಗೂ ಅರ್ಥವಾಗುತ್ತದೆ, ಐದು ಮಕ್ಕಳನ್ನು ಇದೇ ಮಳೆಯಲ್ಲಿ ಸಾಕಿದವರು ಅವರು. ಆದರೆ ಶೀತ ಬರುವುದು ವೈರಸ್ಸಿನಿಂದ, ತಣ್ಣಗಿನ ಬಟ್ಟೆ ಚೀಪುವುದರಿಂದಲ್ಲ. ನಾನು ಮಾಡಿದ್ದು ಇಷ್ಟು. ಹಳೇ ಹತ್ತಿ ಪಂಚೆಯಿಂದ ಅಂಗೈ ಅಗಲದ ತುಂಡುಗಳನ್ನು ಕತ್ತರಿಸಿ, ಕುದಿಸಿ ಒಣಗಿಸಿ ಇಟ್ಟುಕೊಂಡೆ. ಕುದಿಸಿ ಆರಿಸಿದ ನೀರಿನಲ್ಲಿ ಒಂದನ್ನು ಅದ್ದಿ, ಹಿಂಡಿ, ಒಂದು ತುದಿಯನ್ನು ಗಂಟು ಕಟ್ಟಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡುವುದು. ಫ್ರೀಜರಿನಲ್ಲಿ ಬೇಡ, ಮಂಜುಗಟ್ಟಿದ್ದು ಎಳೆ ವಸಡಿಗೆ ಪೆಟ್ಟು ಮಾಡುತ್ತದೆ. ಕರೆಂಟ್ ಹೋದ ದಿನ ಫ್ರಿಜ್ಜೂ ಬೇಕಿರಲಿಲ್ಲ, ಮಲೆನಾಡಿನ ಜುಲೈ ತಿಂಗಳಿನಲ್ಲಿ ಹಿತ್ತಿಲ ಬಾಗಿಲ ಹತ್ತಿರ ಇಟ್ಟ ಡಬ್ಬಿ ತಾನಾಗಿಯೇ ತಣ್ಣಗಿರುತ್ತದೆ. ಬಟ್ಟೆಯ ಇನ್ನೊಂದು ತುದಿ ನನ್ನ ಕೈಯಲ್ಲಿ, ಗಂಟು ಅವಳ ಬಾಯಲ್ಲಿ. ಮೊದಲ ಸಲ ಕೊಟ್ಟಾಗ ಮುಖ ಕಿವುಚಿದಳು. ಆಮೇಲೆ ಕಚ್ಚಿದಳು. ಆಮೇಲೆ ಇನ್ನೂ ಜೋರಾಗಿ ಕಚ್ಚಿ, ಕಣ್ಣು ಅರ್ಧ ಮುಚ್ಚಿ, ಉಸಿರು ನಿಧಾನ ಮಾಡಿಕೊಂಡಳು. ಮೂರು ದಿನದಲ್ಲಿ ಮೊದಲ ಸಲ ಆ ಮುಖ ಸಡಿಲವಾಗಿದ್ದನ್ನು ನೋಡಿದೆ.

ಒತ್ತುವುದಕ್ಕೆ ಬೆರಳೇ ಸಾಕು. ಉಗುರು ಕತ್ತರಿಸಿ, ಸೋಪಿನಲ್ಲಿ ಕೈ ತೊಳೆದು, ತೋರುಬೆರಳಿನಿಂದ ಊದಿದ ವಸಡನ್ನು ಒತ್ತಿ ಹಿಡಿಯುವುದು, ಸ್ವಲ್ಪ ಉಜ್ಜುವುದು. ಹಲ್ಲು ಸೂಜಿಯ ಹಾಗೆ ವಸಡನ್ನು ಚುಚ್ಚಿಕೊಂಡು ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಮೇಲಿರುವ ಮೂಳೆ, ವಸಡು ನಿಧಾನವಾಗಿ ಕರಗುತ್ತಾ ದಾರಿ ಬಿಡುತ್ತವೆ, ಆ ಜಾಗ ಊದಿಕೊಂಡು ನೋಯುತ್ತದೆ. ಮೇಲಿನಿಂದ ಒತ್ತಿದರೆ ಒಳಗಿನ ಒತ್ತಡಕ್ಕೆ ಎದುರು ಸಿಕ್ಕಂತೆ ಆಗುತ್ತದೆ, ಅದಕ್ಕೇ ಮಕ್ಕಳು ಸಿಕ್ಕಿದ್ದನ್ನೆಲ್ಲಾ ಕಚ್ಚುವುದು. ಹಾಲು ಕೊಡುವ ಮೊದಲು ಎರಡು ನಿಮಿಷ ಹೀಗೆ ಒತ್ತಿದರೆ ಅವಳು ಪೂರ್ತಿ ಹಾಲು ಕುಡಿಯುತ್ತಿದ್ದಳು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಆ ರಾತ್ರಿಗಳಲ್ಲಿ ನಾನೇ ಕಂಡುಕೊಂಡಿದ್ದು. ಕಚ್ಚಿದಾಗ ಎದೆಯಿಂದ ಎಳೆಯಬೇಡಿ, ಗಾಯ ಆಗುತ್ತದೆ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿದರೆ ಹಿಡಿತ ತಾನಾಗಿ ಬಿಡುತ್ತದೆ.

ಕಚ್ಚಲು ತಮ್ಮ ಒಂದು ಚನ್ನಪಟ್ಟಣದ ಮರದ ಬಳೆ ತಂದುಕೊಟ್ಟ. ಹಾಲೆ ಮರದ್ದು, ಅರಗಿನ ಬಣ್ಣದ್ದು, ಅಂಚು ನುಣುಪಾಗಿದೆ. ಪುಟ್ಟಿಗೆ ಅದು ತುಂಬಾ ಇಷ್ಟ. ಕೊಳ್ಳುವಾಗ ಬಾಯಿಗೆ ಹಾಕುವ ಮಕ್ಕಳಿಗೆಂದೇ ಮಾಡಿದ್ದು ಅಂತ ಕೇಳಿ ಖಚಿತ ಮಾಡಿಕೊಳ್ಳಿ, ಬಿರುಕು ಬಿಟ್ಟ ದಿನವೇ ಎಸೆಯಿರಿ. ಒಳಗೆ ನೀರು ತುಂಬಿದ ಪ್ಲಾಸ್ಟಿಕ್ಕಿನವು ಬೇಡ, ಒಡೆದರೆ ಒಳಗಿನದ್ದು ಬಾಯಿಗೆ. ಕುತ್ತಿಗೆಗೆ ಕಟ್ಟುವ ಮಣಿಸರವಂತೂ ಖಂಡಿತ ಬೇಡ, ನಿದ್ದೆಯಲ್ಲಿ ಕುತ್ತಿಗೆ ಬಿಗಿಯಬಹುದು, ಮಣಿ ಕಿತ್ತು ಗಂಟಲಿಗೆ ಸಿಕ್ಕಬಹುದು. ಹಸಿ ಕ್ಯಾರೆಟ್ ತುಂಡು ಕೊಡು ಅಂತ ಸುಮಾರು ಜನ ಹೇಳಿದರು, ಅದೂ ಮುರಿದು ಗಂಟಲಲ್ಲಿ ನಿಲ್ಲುತ್ತದೆ ಅನ್ನುವ ಭಯಕ್ಕೆ ನಾನು ಕೊಡಲಿಲ್ಲ. ಊಟಕ್ಕೆ ಆ ವಾರ ಆರಿದ ರಾಗಿ ಸರಿ, ಮೊಸರು, ಮಸೆದ ಬಾಳೆಹಣ್ಣು ಅಷ್ಟೇ. ಕಡಿಮೆ ತಿಂದಳು, ನಾನು ಒತ್ತಾಯ ಮಾಡಲಿಲ್ಲ.

ಈಗ ನಿದ್ದೆ. ಸಂಜೆ ಏಳಕ್ಕೆ ಬಿಸಿನೀರಿನ ಸ್ನಾನ, ಬಚ್ಚಲ ಒಲೆಯ ಹೊಗೆವಾಸನೆಗೇ ಅವಳ ಕಣ್ಣು ಎಳೆಯುತ್ತದೆ. ಗಲ್ಲ, ಕುತ್ತಿಗೆ ಒತ್ತಿ ಒರೆಸಿ (ಉಜ್ಜಿದರೆ ಚರ್ಮ ಕೆಂಪಾಗುತ್ತದೆ) ತೆಳ್ಳಗೆ ಕೊಬ್ಬರಿ ಎಣ್ಣೆ, ಜೊಲ್ಲಿನ ಗುಳ್ಳೆ ಏಳದ ಹಾಗೆ. ಆಮೇಲೆ ತಣ್ಣಗಿನ ಬಟ್ಟೆ, ಬೆರಳು, ಹಾಲು, ತೊಟ್ಟಿಲು. ಇದೇ ಕ್ರಮ, ದಿನಾ. ರಾತ್ರಿ ಎದ್ದರೆ ದೀಪ ಹಾಕುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಕತ್ತಲಲ್ಲೇ ಎತ್ತಿಕೊಂಡು ಬಟ್ಟೆ ಕೊಟ್ಟು ಜೋಗುಳ. ಗಂಟೆ ಎರಡಕ್ಕೆ ನನ್ನ ಸರದಿ ಮುಗಿದು ನನ್ನ ಗಂಡನದ್ದು ಶುರು. ಒಬ್ಬರೇ ಎಲ್ಲಾ ರಾತ್ರಿ ಹೊರಬೇಡಿ, ಮೂರನೇ ರಾತ್ರಿಗೆ ಮನುಷ್ಯರು ಒಡೆದುಹೋಗುತ್ತಾರೆ. ನಿದ್ದೆಗಣ್ಣಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗುವುದು ಅಪಾಯ, ತೊಟ್ಟಿಲಲ್ಲಿ ಅಂಗಾತ, ದಿಂಬಿಲ್ಲದೆ ಮಲಗಿಸಿ.

ಇದೆಲ್ಲಾ ಮಾಡಿಯೂ ನಾಲ್ಕನೇ ರಾತ್ರಿ ತಡೆಯಲಾಗದೆ ಅತ್ತಾಗ ಡಾಕ್ಟರು ಹೇಳಿದ್ದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟೆ. ಅರ್ಧ ಗಂಟೆಗೆ ನಿದ್ದೆ. ಇದನ್ನು ಕೊಡಲು ಹಿಂಜರಿಯಬೇಕಿಲ್ಲ, ಆದರೆ ಅಳತೆ ಮಗುವಿನ ತೂಕದ ಮೇಲೆ, ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ, ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಒಂದು ವಿಷಯದಲ್ಲಿ ತುಂಬಾ ಹುಷಾರು. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿಲಿಗೆ 125, ಇನ್ನೊಂದರಲ್ಲಿ 5 ಮಿಲಿಗೆ 250. 125ರ ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಔಷಧಿ ಹೋಗಿಬಿಡುತ್ತದೆ. ಬಾಟಲಿಯ ಹೆಸರು, ಎಷ್ಟು ಮಿಲಿ, ಎರಡನ್ನೂ ಡಾಕ್ಟರ ಕೈಲಿ ಬರೆಸಿಕೊಂಡು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ.

ಅತ್ತೆ ಬಜೆ, ಜಾಯಿಕಾಯಿ ತೇಯುವ ಕಲ್ಲು ಹೊರಗೆ ತೆಗೆದಿದ್ದರು. ಜಾಯಿಕಾಯಿ ತೇಯ್ದು ಕೊಟ್ಟರೆ ಮಗು ಮಲಗುತ್ತದೆ, ಬಜೆಗೆ ಜೇನುತುಪ್ಪ ಸೇರಿಸಿ ವಸಡಿಗೆ ಸವರು ಅಂತ. ನಾನು ಬೇಡ ಅಂದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಟ್ಟರೆ ಬಾಟ್ಯುಲಿಸಂ ಅನ್ನುವ ಕೆಟ್ಟ ಕಾಯಿಲೆ ಬರುವ ಅಪಾಯವಿದೆ, ಜಾಯಿಕಾಯಿ ಸ್ವಲ್ಪ ಹೆಚ್ಚಾದರೂ ವಿಷವೇ. ಮಗುವನ್ನು ಮಲಗಿಸಲು ಔಷಧಿ ಹುಡುಕುವ ಆಸೆ ಎಲ್ಲಾ ಕಡೆಯದ್ದು. 1849ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮಿಸೆಸ್ ವಿನ್ಸ್‌ಲೋಸ್ ಸಿರಪ್ ಹಲ್ಲು ಬರುವ ಮಕ್ಕಳಿಗೆಂದೇ ಇತ್ತು, ಅದರಲ್ಲಿದ್ದದ್ದು ಮಾರ್ಫಿನ್. ಬ್ರಿಟನ್ನಿನ ಹಲ್ಲಿನ ಪುಡಿಗಳಲ್ಲಿ ಪಾದರಸ ಇತ್ತು, ಮಕ್ಕಳ ಕೈಕಾಲು ಕೆಂಪಾಗಿ ನೋಯುವ ಕಾಯಿಲೆಗೆ ಅದೇ ಕಾರಣ ಅಂತ ತಿಳಿದು 1954ರಲ್ಲಿ ನಿಲ್ಲಿಸಿದರು. ಇದನ್ನೆಲ್ಲಾ ಅತ್ತೆಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಕಲ್ಲನ್ನು ತೊಳೆದು ಒಳಗಿಟ್ಟರು.

ಇಷ್ಟು ಬರೆಯಲು ಕೂತಿದ್ದು ನಿಜವಾಗಿ ಸೆಪ್ಟೆಂಬರಿನಲ್ಲಿ ಆದದ್ದನ್ನು ಹೇಳಲು. ಮೇಲಿನ ವಸಡು ಊದಿತ್ತು, ಜೊಲ್ಲು ಸುರಿಯುತ್ತಿತ್ತು, ಕಿವಿ ಎಳೆದುಕೊಳ್ಳುತ್ತಿದ್ದಳು. ಜ್ವರ ಬಂತು. ಬಂದವರೆಲ್ಲಾ "ಹಲ್ಲಿನ ಜ್ವರ, ತಾನಾಗೇ ಹೋಗತ್ತೆ" ಅಂದರು, ನಾನೂ ಒಂದು ರಾತ್ರಿ ಪೂರ್ತಿ ಹಾಗೇ ನಂಬಿದೆ. ಎತ್ತಿಕೊಂಡರೆ ಸುಮ್ಮನಿರುತ್ತಾಳೆ, ಮಲಗಿಸಿದ ತಕ್ಷಣ ಚೀರುತ್ತಾಳೆ. ಬೆಳಗ್ಗೆ ಥರ್ಮಾಮೀಟರ್ ಇಟ್ಟರೆ 102.4 ಡಿಗ್ರಿ. ಮಳೆಯಲ್ಲೇ ಹೊರಟೆವು. ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿ, ನನಗೂ ತೋರಿಸಿದರು, ಪರದೆ ಕೆಂಪಗೆ ಉಬ್ಬಿತ್ತು. ಕಿವಿಯ ಸೋಂಕು. ಮಲಗಿದಾಗ ಒಳಗಿನ ಒತ್ತಡ ಹೆಚ್ಚಾಗಿ ನೋವು ಜಾಸ್ತಿ ಆಗುತ್ತದಂತೆ. ಆ ಒಂದು ರಾತ್ರಿ ನನ್ನ ಮಗು ಅನುಭವಿಸಿದ್ದು ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ತರುತ್ತದೆ.

ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, 100.4 ದಾಟಿದರೆ ಅದು ಹಲ್ಲಿನದ್ದಲ್ಲ. ಭೇದಿ, ವಾಂತಿ ಕೂಡ ಹಲ್ಲಿನದ್ದಲ್ಲ. ಆರು ತಿಂಗಳ ಹೊತ್ತಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ, ಮಗು ಅಂಬೆಗಾಲಿಟ್ಟು ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕುತ್ತದೆ, ಹಲ್ಲು ಮೂಡುವುದೂ ಅದೇ ಹೊತ್ತಿಗೆ, ಹಾಗಾಗಿ ಪಾಪ ಹಲ್ಲಿನ ಮೇಲೆ ಎಲ್ಲಾ ಹೊರಿಸುತ್ತೇವೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 125 ಮಕ್ಕಳ ದಿನಚರಿಯನ್ನು ತಾಯ್ತಂದೆಯರಿಂದ ಬರೆಸಿ 2000ರಲ್ಲಿ ಪ್ರಕಟಿಸಿದ್ದಾರೆ. ಹಲ್ಲಿನ ಕಿರಿಕಿರಿ ಇರುವುದು ಹಲ್ಲು ಮೂಡುವ ಮೊದಲಿನ ನಾಲ್ಕು ದಿನ, ಮೂಡಿದ ದಿನ, ಆಮೇಲಿನ ಮೂರು ದಿನ. ಒಟ್ಟು ಎಂಟು. ಪುಟ್ಟಿಯ ಮೊದಲ ಹಲ್ಲಿಗೂ ಹೆಚ್ಚುಕಮ್ಮಿ ಅಷ್ಟೇ ಆಯಿತು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಹಾಲು ಪೂರ್ತಿ ಬಿಟ್ಟರೆ, ಎತ್ತಿಕೊಂಡರೂ ಸಮಾಧಾನ ಆಗದಿದ್ದರೆ ಬೇರೆ ಕಾರಣ ಹುಡುಕಿಸಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಅಂಗೈ ಇಟ್ಟು ಅಂದಾಜು ಮಾಡಬೇಡಿ.

ಕಿವಿ ವಾಸಿಯಾದ ಹತ್ತು ದಿನಕ್ಕೆ ಮೇಲಿನ ಎರಡು ಹಲ್ಲು ಒಟ್ಟಿಗೇ ಬಂದವು. ಈಗ ನಾಲ್ಕಿವೆ, ಅಕ್ಕಿ ಕಾಳಿನಷ್ಟು ಪೇಸ್ಟ್ ಹಾಕಿ ಉಜ್ಜುತ್ತೇನೆ. ಎರಡೂವರೆ, ಮೂರು ವರ್ಷದ ಹೊತ್ತಿಗೆ 20 ಆಗಬೇಕು, ದವಡೆ ಹಲ್ಲುಗಳು ವರ್ಷ ದಾಟಿದ ಮೇಲೆ. ಮೊನ್ನೆ ರಾತ್ರಿ ನೀರು ಕುಡಿಯಲು ಎದ್ದು ಫ್ರಿಜ್ ತೆಗೆದರೆ ಬೆಣ್ಣೆ ಪಾತ್ರೆಯ ಪಕ್ಕ ಆ ಸ್ಟೀಲ್ ಡಬ್ಬಿ ಇತ್ತು. ನಾನು ಇಟ್ಟಿರಲಿಲ್ಲ. ಮುಚ್ಚಳ ತೆಗೆದೆ. ಒದ್ದೆ ಬಟ್ಟೆ, ಒಂದು ತುದಿಗೆ ಗಂಟು. ಬೆಳಗ್ಗೆ ಕೇಳಿದ್ದಕ್ಕೆ ಅತ್ತೆ, "ನಿನ್ನೆ ಸಂಜೆಯಿಂದ ಜೊಲ್ಲು ಜಾಸ್ತಿ ಇದೆ, ನೋಡಿದ್ಯಾ?" ಅಂದರು.