ಗೆದ್ದವನು ತೊಡೆ ತಟ್ಟುವುದಿಲ್ಲ

ಟೋಕಿಯೊದ ರ್ಯೋಗೊಕು ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಕೊಕುಗಿಕಾನ್, ಸುಮೋ ಕುಸ್ತಿಯ ಮನೆ. ಜನವರಿ, ಮೇ, ಸೆಪ್ಟೆಂಬರ್‌ಗಳಲ್ಲಿ ಇಲ್ಲಿ 15 ದಿನಗಳ ಪಂದ್ಯಾವಳಿ. ಪೈಲ್ವಾನರ ಗಾತ್ರದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬೆರಗಾಗಬೇಕಾದ್ದು ಗೆದ್ದವನ ನಡವಳಿಕೆಗೆ.

ಎದುರಾಳಿಯನ್ನು ಅಖಾಡದಾಚೆ ಉರುಳಿಸಿದವನು ಕೈ ಎತ್ತುವುದಿಲ್ಲ, ಕೂಗುವುದಿಲ್ಲ. ತನ್ನ ಜಾಗಕ್ಕೆ ಮರಳಿ, ಬಿದ್ದವನು ಎದ್ದು ಬರುವವರೆಗೆ ಕಾಯುತ್ತಾನೆ. ಇಬ್ಬರೂ ತಲೆ ಬಾಗಿಸಿದ ಮೇಲೆ ಸೋತವನು ಇಳಿಯುತ್ತಾನೆ. ಪ್ರಾಯೋಜಕರ ಬಹುಮಾನವಿದ್ದರೆ ಗೆದ್ದವನು ಕುಕ್ಕರಗಾಲಲ್ಲಿ ಕೂತು, ರೆಫರಿಯ ಬೀಸಣಿಗೆಯ ಮೇಲಿನ ಲಕೋಟೆಗಳ ಎದುರು ಅಂಗೈಯನ್ನು ಕತ್ತಿಯಂತೆ ಎಡಕ್ಕೆ, ಬಲಕ್ಕೆ, ನಡುವಿಗೆ ಆಡಿಸಿಯೇ ತೆಗೆದುಕೊಳ್ಳಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ತನ್ನ ಬದಿಯಿಂದ ಮುಂದೆ ಕಾದಾಡುವವನಿಗೆ ಸೌಟಿನಲ್ಲಿ ನೀರು ಕೊಟ್ಟು ಹೊರಡಬೇಕು. ಸೋತವನ ಕೈಯಿಂದ ಆ ನೀರು ಕೊಡಿಸುವುದಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಪ್ರಶಸ್ತಿ ಗೆದ್ದ ಯೊಕೊಜುನಾ (ಸುಮೋದ ಅತ್ಯುನ್ನತ ದರ್ಜೆಯ ಪೈಲ್ವಾನ) ಅಸಾಶೋರ್ಯು ಎರಡೂ ಕೈ ಮೇಲೆತ್ತಿದ್ದಕ್ಕೆ ಸುಮೋ ಸಂಘ ಅವನಿಗೆ ಎಚ್ಚರಿಕೆ ಕೊಟ್ಟಿತ್ತು. ಮೈಸೂರಿನ ಗರಡಿಯಲ್ಲಿ ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡವರಿಗೆ ಇಲ್ಲಿ ಉಪ್ಪೆರಚಿ ಅಖಾಡವನ್ನು ಶುದ್ಧ ಮಾಡುವುದು ಹೊಸದೆನಿಸದು. ಗೆದ್ದ ಮೇಲಿನ ಈ ಮೌನ ಮಾತ್ರ ಹೊಸದು.

ಕಾದಾಟದ ಆರಂಭವಂತೂ ಇನ್ನೂ ವಿಚಿತ್ರ. ಸೀಟಿ ಇಲ್ಲ, ಗಂಟೆ ಇಲ್ಲ. 4.55 ಮೀಟರ್ ಅಗಲದ ವೃತ್ತದೊಳಗೆ ಇಬ್ಬರೂ ಕೂತು, ದಿಟ್ಟಿಸಿ, ಎದ್ದು ಹೋಗಿ ಉಪ್ಪು ಚೆಲ್ಲಿ, ಮತ್ತೆ ಬರುತ್ತಾರೆ. ಮೇಲಿನ ದರ್ಜೆಯಲ್ಲಿ ಇದಕ್ಕೆ 4 ನಿಮಿಷದ ಮಿತಿ. ಕೊನೆಗೆ ಇಬ್ಬರ ಎರಡೂ ಕೈಗಳು ನೆಲ ಮುಟ್ಟಬೇಕು, ಉಸಿರು ಕೂಡಬೇಕು, ಒಟ್ಟಿಗೇ ನುಗ್ಗಬೇಕು. ಒಬ್ಬ ಮುಂಚೆ ಹಾರಿದರೆ ಪಂದ್ಯ ನಿಲ್ಲುತ್ತದೆ; ತಪ್ಪಿದ್ದಕ್ಕೆ ತೀರ್ಪುಗಾರರಿಗೆ ತಲೆ ಬಾಗಿಸಿ ಮೊದಲಿನಿಂದ ಶುರು. ಹೊಡೆದಾಡುವುದಕ್ಕೂ ಎದುರಾಳಿಯ ಒಪ್ಪಿಗೆ ಬೇಕು! ಇಷ್ಟೆಲ್ಲ ಆಗಿ ಕುಸ್ತಿ ಮುಗಿಯುವುದು ಬಹಳ ಸಲ ಹತ್ತು ಸೆಕೆಂಡಿನೊಳಗೆ.

ಟಿಕೆಟ್ ಕೊಳ್ಳುವವರು ಗಮನಿಸಿ: ನೆಲದ ಮೇಲೆ ಕೂರುವ ಚೌಕಗಳು ಹೆಸರಿಗೆ ನಾಲ್ವರದು, ಅಳತೆ ಸುಮಾರು 1.3 ಮೀಟರ್. ಚಕ್ಕಳಮಕ್ಕಳ ಹಾಕಿ ಕೂತು ರೂಢಿಯಿರುವ ನಮ್ಮವರ ಮೊಣಕಾಲೂ ಒಂದು ಗಂಟೆಗೆ ಸೋಲುತ್ತದೆ. ಪಾದ ಚಾಚಿದರೆ ಅಪರಿಚಿತರ ಬೆನ್ನಿಗೆ ತಾಗಿ ಕ್ಷಮೆ ಕೇಳುವುದೇ ಕೆಲಸ. ಇಬ್ಬರಿಗಷ್ಟೇ ಒಂದು ಚೌಕ ಹಿಡಿಯಿರಿ, ಇಲ್ಲವೇ ಮಹಡಿಯ ಕುರ್ಚಿಗೆ ಹೋಗಿ. ಬೆಳಿಗ್ಗೆಯಿಂದಲೇ ಕಿರಿಯರ ಕುಸ್ತಿ ಇರುತ್ತದೆ; ದೊಡ್ಡವರನ್ನು ನೋಡಲು ಮೂರೂವರೆಯೊಳಗೆ ಸೇರಿಕೊಂಡರೆ ಸಾಕು. ಇಲ್ಲಿನ ಹೆಸರಾಂತ ತಿಂಡಿ ಯಾಕಿತೋರಿ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ. ಕೋಳಿ ಎರಡೇ ಕಾಲಲ್ಲಿ ನಿಲ್ಲುವುದರಿಂದ ಶುಭವಂತೆ. ಕಾದಾಟದ ನಡುವೆ ಕೈ ನೆಲಕ್ಕೂರಿದವನು ಸೋತಂತಲ್ಲವೇ! ಸಸ್ಯಾಹಾರಿಗಳು ಹೊರಗೇ ಉಂಡು ಹೋಗುವುದು ಲೇಸು.

ಈ ಶಿಷ್ಟಾಚಾರದ ಎಲ್ಲವನ್ನೂ ಹೊಗಳಲಾಗದು. ಹೆಂಗಸರು ಅಖಾಡ ಹತ್ತುವಂತಿಲ್ಲ. 2018ರ ಏಪ್ರಿಲ್‌ನಲ್ಲಿ ಮೈಜುರು ಊರಿನ ಮೇಯರ್ ಅಖಾಡದ ಮೇಲೆಯೇ ಕುಸಿದಾಗ, ಪ್ರಥಮ ಚಿಕಿತ್ಸೆಗೆ ಓಡಿಬಂದ ಮಹಿಳೆಯರನ್ನು ಧ್ವನಿವರ್ಧಕದಲ್ಲೇ ಕೆಳಗಿಳಿಯಲು ಹೇಳಲಾಯಿತು. ಸಂಘದ ಅಧ್ಯಕ್ಷರು ಆಮೇಲೆ ಕ್ಷಮೆ ಕೇಳಿದರು, ನಿಯಮ ಹೋಗಲಿಲ್ಲ. ಜೀವಕ್ಕಿಂತ ಮಡಿ ದೊಡ್ಡದಾದರೆ ಅದಕ್ಕೆ ಮರ್ಯಾದೆ ಎನ್ನಲು ಮನಸ್ಸು ಬಾರದು.

ಇನ್ನು ಪ್ರೇಕ್ಷಕರು. ಯೊಕೊಜುನಾ ಕೆಳದರ್ಜೆಯವನಿಗೆ ಸೋತರೆ, ಎಸೆಯಬೇಡಿ ಎಂಬ ಸೂಚನೆಯಿದ್ದರೂ ಕೂತಿದ್ದ ದಿಂಬುಗಳು ಅಖಾಡದತ್ತ ಹಾರುತ್ತವೆ. ಮುಂದಿನ ಸಾಲಿನವರು ತಲೆ ಕಾಪಾಡಿಕೊಳ್ಳಬೇಕು.