‘ಹಚ್ಚಿ’ ಎಂದು ಬರೆದಿದ್ದೆ

ವೈದ್ಯಕೀಯ ಉಪಕರಣಗಳಿಗೆ ಬಳಕೆಯ ಕೈಪಿಡಿ ಬರೆಯುವುದು ನನ್ನ ಕೆಲಸ. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಒಂದಕ್ಕೆ ಕನ್ನಡದ ಕೈಪಿಡಿ ಸಿದ್ಧಪಡಿಸಿ, ಅಚ್ಚಿಗೆ ಕಳಿಸುವ ಮುನ್ನ ತಿಪಟೂರಿನ ದೊಡ್ಡಮ್ಮನ ಮನೆಗೆ ಕೊಂಡೊಯ್ದಿದ್ದೆ. ಐದು ಜನರ ಕೈಗೆ ಕೊಟ್ಟು ನೋಡಿದರೆ ಬಹುಪಾಲು ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂದು, ವಸ್ತುಗಳು ಬಳಕೆಗೆ ಎಷ್ಟು ಸುಲಭ ಎಂದು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ನನ್ನ ಐವರಲ್ಲಿ ದೊಡ್ಡಮ್ಮ ಮೊದಲಿನವರು. ಸಕ್ಕರೆ ಕಾಯಿಲೆ ಹಳೆಯದಾದರೂ ಪರೀಕ್ಷೆಗೆ ಅವರು ಲ್ಯಾಬಿಗೇ ಹೋಗುತ್ತಿದ್ದರು.

ಇಂಥ ಹೊತ್ತಿನಲ್ಲಿ ಬರೆದವರು ಬಾಯಿ ಬಿಡಬಾರದು. ಕೈಪಿಡಿಯ ಜೊತೆ ನಾವು ಎಲ್ಲರ ಮನೆಗೂ ಹೋಗುವುದಿಲ್ಲವಲ್ಲ. ಜಗಲಿಯ ಮೇಲೆ ಅವರ ಪಕ್ಕ ಸುಮ್ಮನೆ ಕುಳಿತೆ.

ದೊಡ್ಡಮ್ಮ ಕನ್ನಡಕ ಏರಿಸಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಪರೀಕ್ಷೆಯ ತೆಳು ಪಟ್ಟಿಯಾದ ಸ್ಟ್ರಿಪ್ಪನ್ನು ಮೀಟರಿಗೆ ಸಿಕ್ಕಿಸಿ, ಬೆರಳಿಗೆ ಸೂಜಿ ಚುಚ್ಚಿಕೊಂಡರು. ಮುಂದಿನ ಸಾಲು: ‘ರಕ್ತದ ಹನಿಯನ್ನು ಸ್ಟ್ರಿಪ್ಪಿಗೆ ಹಚ್ಚಿ.’ ಸ್ಟ್ರಿಪ್ಪಿನ ಬೆನ್ನ ಮೇಲೆ ಬೆರಳಿಟ್ಟು, ಕುಂಕುಮ ಹಚ್ಚುವ ಹಾಗೆ ಸವರಿದರು. ಪರದೆಯಲ್ಲಿ ದೋಷದ ಗುರುತು ಮೂಡಿತು. ಹೊಸ ಸ್ಟ್ರಿಪ್ ತೆಗೆದು, ಇನ್ನೊಂದು ಬೆರಳು ಚುಚ್ಚಿ, ಮತ್ತೆ ಸವರಿದರು. ಮತ್ತೆ ಅದೇ ಗುರುತು.

“ನಾನೇನು ತಪ್ಪು ಮಾಡಿದೆ ಮಗೂ?”

ಅವರ ತಪ್ಪೇನೂ ಇರಲಿಲ್ಲ. ಸ್ಟ್ರಿಪ್ಪಿನ ತುದಿಯಲ್ಲೊಂದು ಸಣ್ಣ ಬಾಯಿದೆ. ಅದು ಹನಿಗೆ ತಾಗಿದರೆ ಸಾಕು, ರಕ್ತವನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಇಂಗ್ಲಿಷ್ ಮೂಲದಲ್ಲಿದ್ದ ‘ಅಪ್ಲೈ’ಯನ್ನು ನಾನು ‘ಹಚ್ಚಿ’ ಮಾಡಿದ್ದೆ. ಎಣ್ಣೆಯಾಗಲಿ, ಅರಿಸಿನವಾಗಲಿ, ಮುಲಾಮಾಗಲಿ, ಹಚ್ಚು ಎಂದರೆ ನಾವು ಸವರುವವರೇ. ನನ್ನ ಮಾತು ನಂಬಿ ಅವರು ಎರಡು ಬೆರಳು ಚುಚ್ಚಿಕೊಂಡಿದ್ದರು. ನನಗೆ ಸಂಕಟವಾಯಿತು.

ಮೌನ ಮುರಿದು ಹೇಳಿಕೊಟ್ಟೆ. ಮೂರನೆಯ ಸಲ ಅಂಕಿ ಬಂತು: 243. ದೊಡ್ಡಮ್ಮನ ಮುಖ ಬಾಡಿತು. ಅವರು ಆಗಷ್ಟೇ ಹಲಸಿನ ತೊಳೆ ಬಿಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದಿದ್ದರೆಂಬುದು ನನಗೆ ಹೊಳೆದದ್ದು ಆಮೇಲೆ. ಬೆರಳಿಗಂಟಿದ ಹಣ್ಣಿನ ರಸ ಹನಿಯಲ್ಲಿ ಬೆರೆತರೆ ರಕ್ತದಲ್ಲಿಲ್ಲದ ಸಕ್ಕರೆಯೂ ಅಂಕಿಗೆ ಸೇರುತ್ತದೆ. ಕೈ ತೊಳೆಸಿ ನೋಡಿದಾಗ 138. ಕೈ ತೊಳೆಯುವ ಸೂಚನೆ ಕೈಪಿಡಿಯಲ್ಲಿ ಇತ್ತು, 11ನೇ ಪುಟದ ‘ಮುನ್ನೆಚ್ಚರಿಕೆಗಳು’ ಎಂಬಲ್ಲಿ. ಬೆರಳು ಚುಚ್ಚುವ ಸೂಚನೆ 4ನೇ ಪುಟದಲ್ಲೇ ಮುಗಿದಿತ್ತು. ಆ 243 ನಂಬಿ ಯಾರಾದರೂ ಇನ್ಸುಲಿನ್ ಹೆಚ್ಚು ಮಾಡಿಕೊಂಡಿದ್ದರೆ?

ರಾತ್ರಿಯೇ ತಿದ್ದಲು ಕುಳಿತೆ. ‘ಸ್ಟ್ರಿಪ್ಪಿನ ತುದಿಯನ್ನು ಹನಿಗೆ ತಾಗಿಸಿ ಹಿಡಿಯಿರಿ. ರಕ್ತ ತಾನೇ ಒಳಗೆ ಹೋಗುತ್ತದೆ’ ಎಂದು ಬರೆದೆ. ಕೈ ತೊಳೆಯುವ ಮಾತಿಗೆ ಮೊದಲ ಪುಟದಲ್ಲೇ ಜಾಗ ಬೇಕಿತ್ತು. ಅಲ್ಲಿ ಗ್ರಾಹಕರನ್ನು ಅಭಿನಂದಿಸುವ ಆರು ಸಾಲುಗಳಿದ್ದವು, ತೆಗೆದುಹಾಕಿದೆ. ಈಗ ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟೇ ಇದೆ: ‘ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಚೆನ್ನಾಗಿ ಒರೆಸಿಕೊಳ್ಳಿ.’