ತ್ರಿಭುಜ ಯಾವಾಗಲೂ ನೆಟ್ಟಗೇ ನಿಂತಿರಬೇಕಾ?

ಪುಸ್ತಕದಂಗಡಿಯಲ್ಲಿ ಆಕೃತಿಗಳ ಚಾರ್ಟ್ ಸಿಗುತ್ತದಲ್ವಾ, ಒಮ್ಮೆ ಸರಿಯಾಗಿ ನೋಡಿ. ಮೂರೂ ಬದಿ ಸಮ, ಕೆಳಗೆ ಮಟ್ಟಸ, ಮೇಲೆ ಚೂಪು, ತ್ರಿಭುಜ ಅಂದರೆ ಅದೊಂದೇ. ಚೌಕವೂ ಹಾಗೇ, ನೆಲಕ್ಕೆ ಕೂತಿರುತ್ತದೆ. ಮಕ್ಕಳು ಅದನ್ನೇ ನೋಡಿ ನೋಡಿ ಪಟಪಟ ಹೆಸರು ಹೇಳುತ್ತವೆ, ಮನೆಯವರಿಗೆ ಖುಷಿಯೋ ಖುಷಿ. ಈಗ ಅದೇ ಮಗುವಿಗೆ ಒಂದು ಉದ್ದನೆಯ ಸಣಕಲು ತ್ರಿಭುಜ ಬರೆದು ತೋರಿಸಿ. "ಇದು ತ್ರಿಭುಜ ಅಲ್ಲ ಮಿಸ್" ಅನ್ನುತ್ತದೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಅದು ಗಾಳಿಪಟ ಆಗಿಬಿಡುತ್ತದೆ!

ಮಗು ದಡ್ಡ ಅಂತ ಅಲ್ಲ. ನೆದರ್ಲೆಂಡ್ಸಿನಲ್ಲಿ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ಅಂತ ಗಂಡ ಹೆಂಡತಿ ಇದ್ದರು, ಇಬ್ಬರೂ ಗಣಿತ ಹೇಳಿಕೊಡುತ್ತಿದ್ದವರು. ಇದನ್ನು ಅವರು 1957ರಲ್ಲೇ ತಮ್ಮ ಪ್ರಬಂಧಗಳಲ್ಲಿ ಬಿಡಿಸಿ ಬರೆದಿದ್ದಾರೆ. ಮೊದಲ ಹಂತದಲ್ಲಿ ಮಗು ಆಕೃತಿಯನ್ನು ಇಡಿಯಾಗಿ ನೋಡುತ್ತದೆ, ಅಮ್ಮನ ಮುಖ ಗುರುತು ಹಿಡಿಯುವ ಹಾಗೆ. ಅದಕ್ಕೆ ಬದಿಗಳಿವೆ, ಮೂಲೆಗಳಿವೆ, ಅವನ್ನು ಎಣಿಸಬಹುದು ಅನ್ನುವುದು ಮುಂದಿನ ಹಂತ. ಆ ಹಂತ ಬರೀ ವಯಸ್ಸಾದ ಮಾತ್ರಕ್ಕೆ ಬರುವುದಿಲ್ಲ, ನಾವು ಏನು ಮಾಡಿಸುತ್ತೇವೆ ಅನ್ನುವುದರ ಮೇಲೆ ನಿಂತಿದೆ ಅಂತಲೂ ಅವರು ಹೇಳಿದ್ದರು. ನನಗೆ ಮುಖ್ಯ ಅನ್ನಿಸಿದ್ದು ಈ ಎರಡನೇ ಮಾತು.

ಹಾಗಾದರೆ ಏನು ಮಾಡಿಸುವುದು? ನನ್ನ ಮಟ್ಟಿಗೆ ಚಾರ್ಟಿಗಿಂತ ಪೊರಕೆ ಕಡ್ಡಿ ವಾಸಿ. ಹೊಸ ತೆಂಗಿನ ಪೊರಕೆಯಿಂದ ನಾಲ್ಕಾರು ಕಡ್ಡಿ ಎಳೆದು, ಬೇರೆ ಬೇರೆ ಉದ್ದಕ್ಕೆ ಮುರಿದು ಮಕ್ಕಳ ಮುಂದೆ ಹಾಕಿ. ತುದಿಗೆ ತುದಿ ತಾಗಿಸಿ ಮನೆ ಮುಚ್ಚಬೇಕು, ಒಳಗೆ ಕೂರಿಸಿದ ಇರುವೆಗೆ ಹೊರಗೆ ಹೋಗಲು ದಾರಿ ಇರಬಾರದು, ಇಷ್ಟೇ ನಿಯಮ. ಚಿತ್ರದಲ್ಲಿ ಬದಿ ಅನ್ನುವುದು ಬರೀ ಗೆರೆ, ಇಲ್ಲಿ ಅದು ಕೈಗೆ ಸಿಗುತ್ತದೆ, ಒಂದು ತೆಗೆದರೆ ಮನೆ ಬಾಯಿ ಬಿಡುತ್ತದೆ. ಎರಡು ಕಡ್ಡಿಯಿಂದ ಮನೆ ಕಟ್ಟೋಕೆ ಆಗಲ್ಲ ಅಂತ ಮಕ್ಕಳೇ ಕಂಡುಕೊಳ್ಳುತ್ತವೆ. ಒಂದು ತುಂಬಾ ಉದ್ದ, ಎರಡು ಪುಟಾಣಿ ಕಡ್ಡಿ ಕೊಟ್ಟರೆ ಏನು ಮಾಡಿದರೂ ಮನೆ ಮುಚ್ಚುವುದಿಲ್ಲ, ಆಗ ಶುರುವಾಗುತ್ತದೆ ನೋಡಿ ಜಗಳ. ಸುಮ್ನೆ ಬಿಟ್ಟುಬಿಡಿ. ಕಾರಣ ಹೇಳುವುದಕ್ಕೆ ಹೈಸ್ಕೂಲ್ ಇದೆ.

ಎಣಿಸುವಾಗ ಇನ್ನೊಂದು ತೊಡಕು ಇದೆ, ದೊಡ್ಡವರ ಗಮನಕ್ಕೆ ಇದು ಬರುವುದೇ ಕಡಿಮೆ. ಮಗು ಚೌಕದ ಬದಿ ಎಣಿಸುತ್ತಾ ಒಂದು, ಎರಡು, ಮೂರು, ನಾಲ್ಕು, ಐದು, ಆರು ಅಂತ ಸುತ್ತುತ್ತಲೇ ಇರುತ್ತದೆ. ಎಣಿಕೆ ಬರುವುದಿಲ್ಲ ಅಂತ ನಾವು ಬೈಯುತ್ತೇವೆ. ಎಣಿಕೆ ಚೆನ್ನಾಗಿಯೇ ಬರುತ್ತದೆ, ಎಲ್ಲಿ ಶುರು ಮಾಡಿದೆ ಅನ್ನುವುದು ಮರೆತಿದೆ ಅಷ್ಟೇ, ಸಾಲಾಗಿಟ್ಟ ಗೋಲಿಗೆ ಒಂದು ಕೊನೆ ಇರುತ್ತದೆ, ಮುಚ್ಚಿದ ಆಕೃತಿಗೆ ಕೊನೆಯೇ ಇಲ್ಲವಲ್ಲ. ಶುರುವಿನ ಮೂಲೆಯಲ್ಲಿ ಒಂದು ಹುಣಸೆ ಬೀಜ ಇಡಿ. ಬದಿಯುದ್ದಕ್ಕೂ ಬೆರಳು ಜಾರಿಸಬೇಕು, ಮೂಲೆ ಬಂದಾಗ ನಿಂತು ತಿರುಗಬೇಕು, ಬೀಜ ಸಿಕ್ಕಿದರೆ ಮುಗಿಯಿತು. ಮೂಲೆಯನ್ನೇ ಬದಿ ಅಂದುಕೊಳ್ಳುವ ಗೊಂದಲವೂ ಇದರಿಂದ ಜಾಸ್ತಿ ದಿನ ಉಳಿಯುವುದಿಲ್ಲ. ಬೆರಳಿನ ಬದಲು ಅಂಗಳದಲ್ಲಿ ದೊಡ್ಡದಾಗಿ ಗೆರೆ ಎಳೆದು ನಡೆಸಿದರೆ ಇನ್ನೂ ಒಳ್ಳೆಯದು.

ಸ್ವಲ್ಪ ದೊಡ್ಡ ಮಕ್ಕಳಿಗೆ, ಬಿಸಾಡುವ ವಸ್ತುಗಳಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರು ಹೇಳಿಕೊಡುವ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಆಟ ಇದೆ. ಮದ್ದು ಕೆರೆದು ತೆಗೆದ ಕಡ್ಡಿಗಳ ತುದಿಗೆ ಟ್ಯೂಬಿನ ಚೂರು ಸಿಕ್ಕಿಸಿ ಜೋಡಿಸುವುದು. (ಟ್ಯೂಬಿನ ಚೂರು ಬಾಯಿಗೆ ಹಾಕುವ ವಯಸ್ಸಿನವರಿಗೆ ಬೇಡ.) ನಾಲ್ಕು ಕಡ್ಡಿಯ ಚೌಕ ಮಾಡಿ ಒಂದು ಮೂಲೆ ಒತ್ತಿದರೆ ಅದು ವಾಲಿ, ಓರೆಯಾಗಿ ಕತ್ತರಿಸಿದ ಕೊಬ್ಬರಿ ಮಿಠಾಯಿಯ ಆಕಾರಕ್ಕೆ ಬರುತ್ತದೆ. ಬದಿ ಆಗಲೂ ನಾಲ್ಕೇ, ಉದ್ದವೂ ಅಷ್ಟೇ, ಆದರೆ ಚೌಕ ಹೋಯಿತು. ಬದಿ ಎಣಿಸಿದರೆ ಸಾಲದು, ಮೂಲೆಯನ್ನೂ ನೋಡಬೇಕು ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ತ್ರಿಭುಜವನ್ನು ಎಷ್ಟು ಒತ್ತಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಊರಾಚೆ ಇರುವ ಮೊಬೈಲ್ ಟವರ್ ತೋರಿಸಿ, ಅದರ ಮೈತುಂಬಾ ತ್ರಿಭುಜಗಳೇ, ಉದ್ದದ್ದು, ಓರೆಯದ್ದು, ತಲೆಕೆಳಗಾದದ್ದು. ಚಾರ್ಟಿನಲ್ಲಿ ಇರುವಂಥದ್ದು ಅಲ್ಲಿ ಸಿಗುತ್ತದಾ ಹುಡುಕಿ ಅನ್ನಿ.

ಆಯತದ ವಿಷಯದಲ್ಲಿ ಒಂದೇ ಮಾತು. ಚೌಕವೂ ಒಂದು ಬಗೆಯ ಆಯತ ಅಂತ ಐದು ವರ್ಷದ ಮಗುವಿಗೆ ಹೇಳಲೇಬೇಕು ಅಂತ ಏನಿಲ್ಲ, ಆದರೆ "ಚೌಕ ಆಯತ ಅಲ್ಲ" ಅಂತ ಮಾತ್ರ ಕಲಿಸಬೇಡಿ, ಮುಂದೆ ಅದನ್ನು ಅಳಿಸುವುದು ಕಷ್ಟ.

ದುಂಡಗಿರುವುದಕ್ಕೆ ಎಷ್ಟು ಬದಿ ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ನೇರವಾದ ಬದಿ ಒಂದೂ ಇಲ್ಲ, ಬೆರಳು ಎಲ್ಲೂ ನಿಂತು ತಿರುಗಲಿಲ್ಲ ನೋಡು, ಅಂದರೆ ಸಾಕು. ನಾಣ್ಯ ದುಂಡಗಿದೆಯಲ್ವಾ ಅಂತ ಮುಂದಿನ ಪ್ರಶ್ನೆ ಬಂದರೆ ಜೇಬಿನಿಂದ 20 ರೂಪಾಯಿ ನಾಣ್ಯ ತೆಗೆದು ಕೊಡಿ. ಅದು ದುಂಡಗೆ ಕಾಣುತ್ತದೆ, ಆದರೆ ಅಂಚಿನ ಮೇಲೆ ಬೆರಳು ಜಾರಿಸಿದರೆ ಹನ್ನೆರಡು ಬದಿ ಸಿಗುತ್ತವೆ. ಅದಕ್ಕೆ ಹುಣಸೆ ಬೀಜ ನಿಲ್ಲುವುದಿಲ್ಲ, ಶುರುವಿನ ಮೂಲೆಗೆ ಪೆನ್ನಿನಲ್ಲಿ ಒಂದು ಚುಕ್ಕಿ ಇಟ್ಟುಕೊಡಿ.